ಹಿತ್ತಲಿಗೆ ಇರುವೆ ಪುಡಿ ಹಾಕುವ ಮುಂಚೆ ಯಾವ ಇರುವೆ ಅಂತ ನೋಡಿ

ಪ್ರಶ್ನೆ: ನಮ್ಮದು ಮಂಡ್ಯ. ಮಗ ಮೂರನೇ ಕ್ಲಾಸು. ರಜೆ ಶುರುವಾದಾಗಿನಿಂದ ಹಿತ್ತಲಲ್ಲಿ ಇರುವೆ ಸಾಲು ನೋಡುತ್ತಾ ಕುಕ್ಕರಗಾಲಲ್ಲಿ ಕೂತುಬಿಡುತ್ತಾನೆ. ಊಟಕ್ಕೆ ಕರೆದರೂ ಏಳಲ್ಲ. ಮೊನ್ನೆ ಮಳೆ ಬಂದ ಮಾರನೇ ದಿನ ಸಣ್ಣ ಕೆಂಪಿರುವೆ ಮುತ್ತಿಕೊಂಡು ಪಾದದ ಮೇಲೆಲ್ಲ ಗುಳ್ಳೆ ಎದ್ದಿದೆ. ನಮ್ಮತ್ತೆ ಸುಣ್ಣ ಹಚ್ಚಿದರು. ಕಪ್ಪಿರುವೆ ಇದ್ದರೆ ಇರಲಿ, ಕೆಂಪಿರುವೆ ಒಳ್ಳೇದಲ್ಲ, ಪುಡಿ ತಂದು ಹಿತ್ತಲಿಗೆಲ್ಲ ಹಾಕು ಅಂತಾರೆ. ಪುಡಿ ಅಂದರೆ ಇವನು ಅಳುತ್ತಾನೆ. ದಾಸವಾಳದ ಗಿಡದ ತುಂಬ ಇರುವೆ, ಚಿಗುರು ಮುದುಡಿ ಬೆಳ್ಳಗಾಗಿದೆ, ಮೊಗ್ಗು ಉದುರುತ್ತಿದೆ. ಇರುವೆ ಗಿಡ ತಿನ್ನುತ್ತಿದೆಯಾ? ಇವನ ಪ್ರಶ್ನೆಗಳು ಬೇರೆ: ಮೊಟ್ಟೆ ಹೊತ್ತುಕೊಂಡು ಹೋದರೆ ಮಳೆ ಬರುತ್ತಾ, ರಾಣಿ ಎಲ್ಲಿದೆ, ಸತ್ತ ಇರುವೇನ ಎಲ್ಲಿಗೆ ತಗೊಂಡು ಹೋಗ್ತವೆ, ಬಾಟಲಿಯಲ್ಲಿ ಸಾಕಬಹುದಾ? ಹಾಲಿಗೆ ಬಿದ್ದ ಇರುವೆ ನುಂಗಿದರೆ ಕಣ್ಣು ಚುರುಕಾಗುತ್ತೆ ಅಂತ ಅಜ್ಜಿ ಹೇಳಿದ್ದೂ ನಿಜವಾ ಅಂತ ಕೇಳುತ್ತಾನೆ. ಯಾವುದಕ್ಕೂ ನನ್ನ ಹತ್ತಿರ ಉತ್ತರ ಇಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆ ಒಂದಕ್ಕೊಂದು ಗಂಟು ಬಿದ್ದಿವೆ. ಮಗನಿಗೆ ಕಚ್ಚಿದ್ದು ಒಂದು, ಗಿಡ ಹಾಳಾಗುತ್ತಿರುವುದು ಇನ್ನೊಂದು, ಅವನು ಹೊತ್ತು ಮರೆತು ಕೂರುವುದು ಮತ್ತೊಂದು. ಮೊದಲೆರಡಕ್ಕೂ ಒಂದೇ ಇರುವೆ ಕಾರಣ ಅಂತ ನೀವು ಅಂದುಕೊಂಡ ಹಾಗಿದೆ. ನಮ್ಮ ಕಡೆಯ ಹಿತ್ತಲುಗಳಲ್ಲಿ ಸಾಮಾನ್ಯವಾಗಿ ಹಾಗಿರುವುದಿಲ್ಲ. ಕಚ್ಚಿದ ಇರುವೆ ಬೇರೆ, ದಾಸವಾಳದ ಮೇಲಿನ ಇರುವೆ ಬೇರೆ. ಪುಡಿ ಎರಚಿದರೆ ಎರಡೂ ಸಾಯುತ್ತವೆ, ಅವುಗಳ ಜೊತೆ ಗಿಡಕ್ಕೆ ಸಹಾಯ ಮಾಡುತ್ತಿರುವ ಹುಳಗಳೂ ಸಾಯುತ್ತವೆ. ಇಷ್ಟಾಗಿಯೂ ಗೂಡು ಹೋಗಿರುವುದಿಲ್ಲ.

ಇನ್ನು ಮೂರನೇ ಚಿಂತೆ. ಎಂಟು ವರ್ಷದ ಹುಡುಗ ಒಂದೇ ಜಾಗದಲ್ಲಿ ಕೂತು ಒಂದು ಜೀವವನ್ನು ಅಷ್ಟು ಹೊತ್ತು ನೋಡುತ್ತಾನೆ ಅಂದರೆ ನನಗೆ ತುಂಬಾ ಸಂತೋಷ. ಕಾಲೇಜಿನ ಮಕ್ಕಳಿಗೆ ಕೀಟಗಳ ಪಾಠ ಹೇಳುವಾಗ ಇದೊಂದು ಅಭ್ಯಾಸ ಹಿಡಿಸುವುದಕ್ಕೆ ಎಷ್ಟು ಒದ್ದಾಡುತ್ತೇವೆ ಗೊತ್ತಾ? ಅವನನ್ನು ಎಬ್ಬಿಸಬೇಡಿ. ಕೂರುವ ಜಾಗ ಮಾತ್ರ ನೋಡಿಕೊಳ್ಳಿ.

ಜಗತ್ತಿನಲ್ಲಿ ಇಲ್ಲಿಯವರೆಗೆ ಹೆಸರಿಟ್ಟಿರುವ ಇರುವೆ ಜಾತಿಗಳೇ 14,000ಕ್ಕೂ ಜಾಸ್ತಿ. ನಮ್ಮ ದೇಶದಲ್ಲಿ 800ಕ್ಕೂ ಹೆಚ್ಚು ಇವೆ. ನಿಮ್ಮ ಹಿತ್ತಲಿಗೆ ನಾಲ್ಕೈದು ಗೊತ್ತಾದರೆ ಸಾಕು.

ಕಚ್ಚಿದ್ದು ಸಣ್ಣ ಕೆಂಪಿರುವೆ. ಇಂಗ್ಲಿಷ್‌ನಲ್ಲಿ ಫೈರ್ ಆಂಟ್ ಅಂತಾರೆ. ಇದರ ಮೂಲ ಊರು ಅಮೆರಿಕಾ ಖಂಡದ ಬೆಚ್ಚಗಿನ ಪ್ರದೇಶ. ಹಡಗಿನ ಸರಕಿನ ಜೊತೆ ಜಗತ್ತೆಲ್ಲ ಹರಡಿದೆ. ನೆಲದಲ್ಲಿ ಗೂಡು. ಮಳೆ ಬಿದ್ದ ಮಾರನೇ ದಿನ ಬಾಯಿಯ ಸುತ್ತ ಸಣ್ಣ ಸಣ್ಣ ಮಣ್ಣಿನ ಕಾಳು ಗುಡ್ಡೆ ಹಾಕಿರುತ್ತದೆ. ಮಗ ಅದರ ಮೇಲೇ ಕಾಲಿಟ್ಟಿರಬೇಕು. ಈ ಇರುವೆ ಮೊದಲು ದವಡೆಯಿಂದ ಚರ್ಮ ಹಿಡಿದುಕೊಳ್ಳುತ್ತದೆ. ಆಮೇಲೆ ಹೊಟ್ಟೆಯ ತುದಿ ಬಗ್ಗಿಸಿ ಕೊಂಡಿ ಚುಚ್ಚುತ್ತದೆ. ಹಿಡಿತ ಬಿಡದೆ ಸುತ್ತಲೂ ತಿರುಗಿ ಮತ್ತೆ ಮತ್ತೆ ಚುಚ್ಚುತ್ತದೆ. ಅದಕ್ಕೇ ಒಂದೇ ಇರುವೆ ಕಚ್ಚಿದರೂ ಒತ್ತೊತ್ತಾಗಿ ಗುಳ್ಳೆ ಏಳುತ್ತದೆ.

ದಪ್ಪಗೆ ಕಪ್ಪಗೆ, ಸಂಜೆಯಾಗುತ್ತಿದ್ದಂತೆ ಮರದ ಬುಡದಿಂದ ಸಾಲಾಗಿ ಹೊರಡುವುದು ಗೊದ್ದ. ಇದಕ್ಕೆ ಕೊಂಡಿ ಇಲ್ಲ. ದೊಡ್ಡ ತಲೆಯವು ದವಡೆಯಿಂದ ಚಿವುಟಬಹುದು, ಅಷ್ಟೇ. ಮನೆಯೊಳಗೆ ದಿಕ್ಕುದೆಸೆ ಇಲ್ಲದೆ ಸರಸರ ಓಡಾಡುವ, ಉದ್ದ ಕಾಲಿನ ಸಣ್ಣ ಕಪ್ಪಿರುವೆ ಇದೆಯಲ್ಲ, ಅದರಿಂದ ಮಗುವಿಗೆ ಏನೂ ಆಗುವುದಿಲ್ಲ. ಮಾವು, ಸಪೋಟದಲ್ಲಿ ಎಲೆ ಹೊಲಿದು ಗೂಡು ಕಟ್ಟುವುದು ಕೆಂಜಿಗ. ಚೆನ್ನಾಗಿ ಕಡಿಯುತ್ತದೆ, ಆದರೆ ಮರ ಮುಟ್ಟದಿದ್ದರೆ ನಿಮ್ಮ ತಂಟೆಗೆ ಬರುವುದಿಲ್ಲ.

ನಿಮ್ಮತ್ತೆ ಹೇಳಿದ ಕಪ್ಪು ಒಳ್ಳೆಯದು, ಕೆಂಪು ಕೆಟ್ಟದ್ದು ಅನ್ನುವ ಮಾತು ಅರ್ಧ ಸರಿ. ಕೆಂಪಾದರೂ ಕೆಂಜಿಗ ಮರಕ್ಕೆ ಉಪಕಾರಿ. ಚೀನಾದಲ್ಲಿ ಕಿತ್ತಳೆ ತೋಟಕ್ಕೆ ಈ ಗೂಡುಗಳನ್ನು ತಂದು ಕಟ್ಟುತ್ತಿದ್ದರು ಅಂತ ಕ್ರಿ.ಶ. 304ರ ಸುಮಾರಿನಲ್ಲೇ ಬರೆದಿಟ್ಟಿದ್ದಾರೆ. ಇನ್ನೊಂದು ಕಡೆ, ಕಪ್ಪಾದರೂ ಹುಷಾರಾಗಿರಬೇಕಾದ ಒಂದು ಇರುವೆ ಇದೆ. ಗೊದ್ದದಷ್ಟೇ ದೊಡ್ಡದು, ಮೈಮೇಲೆ ಗೆರೆ ಗೆರೆ, ಬಿಸಿಲಿಗೆ ಮಿಂಚುತ್ತದೆ, ಸೊಂಟದ ಮೇಲೆ ಎರಡು ಮುಳ್ಳು. ಸಾಲು ಕಟ್ಟುವುದಿಲ್ಲ, ಒಂಟಿಯಾಗಿ ಬೇಟೆಗೆ ಹೋಗುತ್ತದೆ. ಹೆಸರು ಡಯಾಕಮ. ಇದನ್ನು ಕೈಯಲ್ಲಿ ಹಿಡಿದರೆ ಕೊಂಡಿಯಿಂದ ಚುಚ್ಚುತ್ತದೆ, ತುಂಬ ನೋಯುತ್ತದೆ. ಸಾಲಿನಲ್ಲಿಲ್ಲದ ದೊಡ್ಡ ಕಪ್ಪಿರುವೆಯನ್ನು ಮುಟ್ಟಬಾರದು ಅಂತ ಮಗನಿಗೆ ಹೇಳಿಕೊಡಿ.

ಈಗ ಸುಣ್ಣದ ವಿಷಯ. ಇರುವೆ ಕಚ್ಚಿದಾಗ ಫಾರ್ಮಿಕ್ ಆಮ್ಲ ಬಿಡುತ್ತದೆ, ಸುಣ್ಣವೋ ಸೋಡಾವೋ ಹಚ್ಚಿದರೆ ಸರಿಹೋಗುತ್ತದೆ ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಕೆಂಜಿಗ, ಗೊದ್ದಗಳು ನಿಜವಾಗಿ ಆ ಆಮ್ಲ ಚಿಮುಕಿಸುತ್ತವೆ. ನಿಮ್ಮ ಮಗನಿಗೆ ಕಚ್ಚಿದ ಸಣ್ಣ ಕೆಂಪಿರುವೆಯ ವಿಷದಲ್ಲಿ ಇರುವುದು ಬಹುಪಾಲು ಆಲ್ಕಲಾಯ್ಡುಗಳು, ಅಂದರೆ ಆಮ್ಲವಲ್ಲದ ಬೇರೆ ರಾಸಾಯನಿಕಗಳು. ಅದು ಚರ್ಮದ ಒಳಗೆ ಸೇರಿರುತ್ತದೆ. ಮೇಲೆ ಹಚ್ಚಿದ ಸುಣ್ಣ ಅದನ್ನು ಮುಟ್ಟುವುದೇ ಇಲ್ಲ. ಕೆರೆದು ಗಾಯವಾಗಿದ್ದರೆ ಸುಣ್ಣವೇ ಚರ್ಮ ಸುಡುತ್ತದೆ. ಅತ್ತೆಯವರಿಗೆ ಇದನ್ನು ಸಮಾಧಾನವಾಗಿ ಹೇಳಿ, ಅವರು ಮಾಡಿದ್ದು ಪ್ರೀತಿಯಿಂದಲೇ. ಮುಂದೆ ಹಾಗಾದರೆ ಮೊದಲು ಇರುವೆಗಳನ್ನು ಕೈಯಿಂದ ಜೋರಾಗಿ ಒರೆಸಿ ಹಾಕಿ. ಹಿಡಿದುಕೊಂಡಿರುತ್ತವಾದ್ದರಿಂದ ನೀರು ಸುರಿದರಷ್ಟೇ ಬಿಡುವುದಿಲ್ಲ. ಆಮೇಲೆ ಸೋಪು ನೀರಲ್ಲಿ ತೊಳೆದು ತಣ್ಣೀರ ಬಟ್ಟೆ ಇಡಿ. ಗುಳ್ಳೆ ಒಡೆಯಬೇಡಿ, ಕೆರೆಯದಂತೆ ಉಗುರು ಕತ್ತರಿಸಿ. ಕೆಲವು ದಿನಗಳಲ್ಲಿ ತಾನೇ ಒಣಗುತ್ತದೆ. ಕೀವಾಗಿ ಸುತ್ತಲೂ ಕೆಂಪು ಹರಡುತ್ತಿದ್ದರೆ ಡಾಕ್ಟರಿಗೆ ತೋರಿಸಿ.

ಒಂದು ಮಾತು ಮಾತ್ರ ಮರೆಯಬೇಡಿ. ಕಚ್ಚಿದ ಮೇಲೆ ತುಟಿ, ಮುಖ ಊದಿಕೊಂಡರೆ, ಮೈತುಂಬ ದದ್ದು ಎದ್ದರೆ, ಉಸಿರಾಡಲು ಕಷ್ಟವಾದರೆ, ತಲೆ ಸುತ್ತಿ ವಾಂತಿಯಾದರೆ ಅದು ಅಲರ್ಜಿ. ಅಪರೂಪ, ಆದರೆ ಅಪಾಯ. ಮನೆ ಮದ್ದು ಮಾಡುತ್ತಾ ಕೂರದೆ ನೇರ ಆಸ್ಪತ್ರೆಗೆ ಹೋಗಿ.

ಪುಡಿ ಯಾಕೆ ಬೇಡ ಅಂತೀನಿ ಅಂದರೆ, ಹೊರಗೆ ನಮಗೆ ಕಾಣುವ ಇರುವೆ ಗೂಡಿನ ಒಂದು ಪಾಲು ಮಾತ್ರ. ರಾಣಿ, ಮರಿಗಳು, ಎಳೆಯ ಕೆಲಸಗಾರರು ಎಲ್ಲ ಒಳಗಿರುತ್ತವೆ. ಮೇಲೆ ಓಡಾಡುವವು ಸತ್ತರೆ ಒಳಗಿನವು ಆ ಕೆಲಸಕ್ಕೆ ಬರುತ್ತವೆ. ವಾರ ಕಳೆದರೆ ಸಾಲು ಮತ್ತೆ ಶುರು, ನೀವು ಮತ್ತೆ ಪುಡಿ ತರುತ್ತೀರಿ. ಹಿಂದೆ ಗೆಮಾಕ್ಸಿನ್ ಅಂತ ಎಲ್ಲರ ಮನೆಯಲ್ಲೂ ಇರುತ್ತಿದ್ದ ಬಿಎಚ್‌ಸಿ ಪುಡಿಯನ್ನು 1997ರಲ್ಲಿ ನಿಷೇಧ ಮಾಡಿದರು. ಹೆಸರು ಮಾತ್ರ ಜನರ ಬಾಯಲ್ಲಿ ಉಳಿದಿದೆ. ಕಾಗದದ ಪೊಟ್ಟಣದಲ್ಲಿ ಬಿಡಿಯಾಗಿ ಕಟ್ಟಿಕೊಡುವ ಪುಡಿಯಲ್ಲಿ ಏನಿದೆ ಅಂತ ಕೊಡುವವರಿಗೂ ಗೊತ್ತಿರುವುದಿಲ್ಲ, ಕೊಳ್ಳುವವರಿಗೂ ಇಲ್ಲ. ನೆಲದಲ್ಲಿ ಕೂತು ಆಡುವ ಮಗು ಇರುವ ಮನೆಗೆ ಅದು ಬರಲೇಬಾರದು. ಇರುವೆ ಚಾಕ್ ವಿಷಯದಲ್ಲಿ ನನಗೆ ಇನ್ನೂ ಜಾಸ್ತಿ ಭಯ. ಅದರಲ್ಲಿರುವುದೂ ಕೀಟನಾಶಕವೇ. ನೋಡುವುದಕ್ಕೆ ಸ್ಲೇಟಿನ ಚಾಕಿನ ಹಾಗೇ ಇರುತ್ತದೆ. ಮೂರನೇ ಕ್ಲಾಸಿನ ಹುಡುಗನ ಕೈಗೆ ಸಿಕ್ಕರೆ ನೆಲದ ಮೇಲೆ ಬರೆಯುತ್ತಾನೆ, ಅದೇ ಕೈಯಲ್ಲಿ ತಿಂಡಿ ತಿನ್ನುತ್ತಾನೆ.

ಹಾಗಾದರೆ ಏನು ದಾರಿ? ಮಗ ಓಡಾಡದ ಮೂಲೆಯಲ್ಲಿ ಕೆಂಪಿರುವೆ ಗೂಡಿದ್ದರೆ ಸುಮ್ನೆ ಬಿಟ್ಟುಬಿಡಿ. ಗುರುತಿಗೆ ಸುತ್ತ ನಾಲ್ಕು ಕಲ್ಲಿಡಿ. ಓಡಾಡುವ ದಾರಿಯಲ್ಲೇ ಇದ್ದರೆ, ಬೆಳಿಗ್ಗೆ ಮಗ ಏಳುವ ಮುಂಚೆ ಕುದಿಯುವ ನೀರನ್ನು ಗೂಡಿನ ಬಾಯಿಗೆ ನಿಧಾನಕ್ಕೆ ಸುರಿಯಬಹುದು. ಒಂದು ಸಲಕ್ಕೆ ಹೋಗುವುದಿಲ್ಲ, ಎರಡು ಮೂರು ಸಲ ಬೇಕಾಗುತ್ತದೆ. ಗಿಡದ ಬುಡದಲ್ಲಿದ್ದರೆ ಬೇರು ಬೆಂದುಹೋಗುತ್ತದೆ, ಅಲ್ಲಿ ಬೇಡ. ನಿಮ್ಮ ಕಾಲ ಮೇಲೂ ಜೋಪಾನ. ಅದೂ ಆಗದಿದ್ದರೆ ಅಂಗಡಿಯಲ್ಲಿ ಸಿಗುವ ಇರುವೆ ಜೆಲ್ ಅಥವಾ ಮುಚ್ಚಿದ ಡಬ್ಬಿಯ ವಿಷದ ತಿಂಡಿ ಇದೆ. ಇದು ನಿಧಾನಕ್ಕೆ ಕೆಲಸ ಮಾಡುತ್ತದೆ. ಇರುವೆಗಳು ಅದನ್ನು ಗೂಡಿಗೆ ಒಯ್ದು ಬಾಯಿಂದ ಬಾಯಿಗೆ ಹಂಚಿಕೊಳ್ಳುತ್ತವೆ, ರಾಣಿಗೂ ತಲುಪುತ್ತದೆ. ಆದರೆ ಇದೂ ವಿಷವೇ. ಮಗು, ಬೆಕ್ಕು, ನಾಯಿಗೆ ಸಿಗದ ಜಾಗ ಇದ್ದರೆ ಮಾತ್ರ ಇಡಿ. ಅಡುಗೆ ಮನೆಗೆ ಬರುವ ಸಾಲಿಗೆ ಇದ್ಯಾವುದೂ ಬೇಡ. ಸೋಪು ನೀರಲ್ಲಿ ಅದ್ದಿದ ಬಟ್ಟೆಯಿಂದ ದಾರಿ ಒರೆಸಿ, ಬೆಲ್ಲದ ಡಬ್ಬ ಬಿಗಿ ಮಾಡಿ, ಸಂದಿ ಮುಚ್ಚಿ. ಅರಿಶಿನ ಹಾಕಿದರೆ ಸ್ವಲ್ಪ ಹೊತ್ತು ತಡೆಯುತ್ತದೆ, ಆಮೇಲೆ ಪಕ್ಕದಲ್ಲಿ ಬೇರೆ ದಾರಿ ಮಾಡಿಕೊಳ್ಳುತ್ತವೆ.

ದಾಸವಾಳಕ್ಕೆ ಬರೋಣ. ಇರುವೆ ನಿಮ್ಮ ಗಿಡ ತಿನ್ನುತ್ತಿಲ್ಲ. ಮುದುಡಿದ ಚಿಗುರನ್ನು ಬಿಡಿಸಿ ನೋಡಿ. ಹತ್ತಿ ಅಂಟಿಸಿದ ಹಾಗೆ ಕಾಣುವುದು ಹಿಟ್ಟು ತಿಗಣೆ. ಮೊಗ್ಗಿನ ತೊಟ್ಟಿನಲ್ಲಿ ಹಸಿರು ಅಥವಾ ಕಪ್ಪು ಸಸ್ಯಹೇನೂ ಇರಬಹುದು. ಇವು ಗಿಡದ ರಸ ಹೀರುತ್ತವೆ. ಆ ರಸದಲ್ಲಿ ಸಕ್ಕರೆ ಜಾಸ್ತಿ, ಮಿಕ್ಕ ಪೌಷ್ಟಿಕಾಂಶ ಕಡಿಮೆ. ಹಾಗಾಗಿ ತುಂಬ ಕುಡಿದು, ಮಿಕ್ಕ ಸಿಹಿಯನ್ನು ಹಿಂದಿನಿಂದ ಹನಿಯಾಗಿ ಬಿಡುತ್ತವೆ. ಇರುವೆ ಬರುವುದು ಆ ಹನಿಗೆ. ಒಂದು ಭೂತಕನ್ನಡಿ ಇದ್ದರೆ ಮಗನಿಗೆ ಇದನ್ನು ತೋರಿಸಿ. ಇರುವೆ ಹೇನಿನ ಬೆನ್ನನ್ನು ಮೀಸೆಯಿಂದ ಮೆಲ್ಲಗೆ ತಟ್ಟುತ್ತದೆ, ಎಡಗಡೆ ಒಂದು, ಬಲಗಡೆ ಒಂದು. ಹೇನು ಹಿಂಬದಿ ಸ್ವಲ್ಪ ಎತ್ತುತ್ತದೆ. ತುದಿಯಲ್ಲಿ ಗಾಜಿನ ಮಣಿಯಂಥ ಹನಿ ಮೂಡುತ್ತದೆ. ಇರುವೆ ಅದನ್ನು ಹೀರಿಕೊಂಡು ಪಕ್ಕದ ಹೇನಿಗೆ ಹೋಗುತ್ತದೆ. ಹೊಟ್ಟೆ ತುಂಬಿದ ಇರುವೆ ಇಳಿಯುವಾಗ ನೋಡಿದರೆ, ಹೊಟ್ಟೆಯ ಪಟ್ಟಿಗಳ ನಡುವೆ ತೆಳು ಚರ್ಮ ಹಿಗ್ಗಿ ಬೆಳಕು ಹಾಯುವುದೂ ಕಾಣುತ್ತದೆ.

ಹಾಗಂತ ಇರುವೆಯದು ಏನೂ ತಪ್ಪಿಲ್ಲ ಅಂತಲೂ ಹೇಳಲಾರೆ. ಸಿಹಿ ಕೊಡುವ ಹುಳವನ್ನು ಅವು ಕಾಯುತ್ತವೆ. ಹೇನು ತಿನ್ನಲು ಬಂದ ಗುಲಗಂಜಿ ಹುಳುವನ್ನು ಓಡಿಸುತ್ತವೆ. ಆದ್ದರಿಂದ ಇರುವೆ ಜಾಸ್ತಿ ಇರುವ ಗಿಡದಲ್ಲಿ ತಿಗಣೆಯೂ ಜಾಸ್ತಿ. ಚೆಲ್ಲಿದ ಸಿಹಿ ಎಲೆಯ ಮೇಲೆ ಬಿದ್ದು ಕಪ್ಪು ಬೂಷ್ಟು ಹಿಡಿಯುತ್ತದೆ. ತಿಗಣೆ ಹೋದರೆ ಇರುವೆ ತಾನಾಗೇ ಇಳಿದುಹೋಗುತ್ತದೆ.

ಜಾಸ್ತಿ ಹಿಡಿದಿರುವ ಚಿಗುರು ಕತ್ತರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯಿರಿ. ಮಿಕ್ಕ ಕಡೆ ಪೈಪಿನಿಂದ ನೀರು ಜೋರಾಗಿ ಹಾಯಿಸಿ. ಆಮೇಲೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಅದು ಬೆರೆಯುವಷ್ಟು ಸೋಪು ದ್ರಾವಣ ಹಾಕಿ ಸಂಜೆ ಹೊತ್ತು ಎಲೆಯ ಅಡಿಗೂ ತಾಗುವಂತೆ ಸಿಂಪಡಿಸಿ. ಬಿಸಿಲಲ್ಲಿ ಹಾಕಿದರೆ ಎಲೆ ಸುಡುತ್ತದೆ. ಮೊದಲು ಒಂದೆರಡು ಎಲೆಗೆ ಹಾಕಿ ನೋಡಿ. ವಾರಕ್ಕೊಂದು ಸಲ, ಕಡಿಮೆಯಾಗುವವರೆಗೆ. ಇರುವೆ ಹತ್ತದಂತೆ ಕಾಂಡಕ್ಕೆ ಬಟ್ಟೆ ಸುತ್ತಿ ಅದರ ಮೇಲೆ ಗ್ರೀಸ್ ಹಚ್ಚಬಹುದು. ತೊಗಟೆಗೇ ನೇರವಾಗಿ ಹಚ್ಚಬೇಡಿ.

ಸಿಂಪಡಿಸುವ ಮುಂಚೆ ಇನ್ನೊಂದು ನೋಡಬೇಕು. ಹಿಟ್ಟು ತಿಗಣೆಗಳ ನಡುವೆ, ಅವುಗಳಂತೆಯೇ ಬಿಳಿ ಜೂಲು ಹೊದ್ದ, ಆದರೆ ಅವುಗಳಿಗಿಂತ ದೊಡ್ಡದಾಗಿ ಚುರುಕಾಗಿ ಓಡಾಡುವ ಹುಳ ಕಂಡರೆ ದಯವಿಟ್ಟು ಸಾಯಿಸಬೇಡಿ. ಅದು ಕ್ರಿಪ್ಟೊಲೀಮಸ್ ಅನ್ನುವ ಗುಲಗಂಜಿ ಹುಳುವಿನ ಮರಿ. ತಿಗಣೆಯೇ ಅದರ ಊಟ. 1898ರಲ್ಲೇ ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೆ ತಂದ ಹುಳು ಇದು. ತಿಗಣೆ ಅಂದುಕೊಂಡು ಇದನ್ನೇ ಹೊಸಕಿ ಹಾಕುವವರು ಬಹಳ ಜನ. ಅದು ಇದ್ದರೆ ಎಣ್ಣೆ ಬೇಡ, ಇರುವೆ ತಡೆದರೆ ಸಾಕು. ಗುರುತು ಸಿಗದಿದ್ದರೆ ಒಂದು ಕೊಂಬೆ ಡಬ್ಬಿಯಲ್ಲಿ ಹಾಕಿಕೊಂಡು ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ನಿಮ್ಮೂರಿನ ಪಕ್ಕದಲ್ಲೇ ಇದೆ.

ಇನ್ನು ಮುಂದಿನದು ನಿಮ್ಮ ಮಗನಿಗೆ. ಅವನಿಗೇ ಓದಲು ಕೊಡಿ.

ಪುಟ್ಟಾ, ಇರುವೆ ಬಾಯಲ್ಲಿ ಹಿಡಿದುಕೊಂಡು ಹೋಗುವ ಬಿಳಿ ಗಂಟು ಸಾಮಾನ್ಯವಾಗಿ ಮೊಟ್ಟೆ ಅಲ್ಲ. ಮೊಟ್ಟೆ ತುಂಬಾ ಸಣ್ಣದು, ಕಣ್ಣಿಗೆ ಕಾಣುವುದೇ ಕಷ್ಟ. ನೀನು ನೋಡಿದ್ದು ಮರಿ ಹುಳ, ಇಲ್ಲವೇ ಅದು ಬೆಳೆದು ಸುಮ್ಮನೆ ಮಲಗಿರುವ ಕೋಶ. ಚಿಟ್ಟೆಗೆ ಇರುವ ಹಾಗೇ ಇರುವೆಗೂ ಮೊಟ್ಟೆ, ಹುಳ, ಕೋಶ, ಆಮೇಲೆ ಇರುವೆ. ಮರಿಗೆ ಕಾಲಿಲ್ಲ. ಅದಕ್ಕೇ ಅಕ್ಕಂದಿರು ಹೊತ್ತುಕೊಂಡು ಓಡಾಡಬೇಕು. ಹೌದು, ಕೆಲಸ ಮಾಡುವ ಇರುವೆಗಳೆಲ್ಲ ಹೆಣ್ಣೇ. ಚಿಕ್ಕವರಿದ್ದಾಗ ಗೂಡಿನೊಳಗೆ ಮರಿ ನೋಡಿಕೊಳ್ಳುತ್ತವೆ, ವಯಸ್ಸಾದ ಮೇಲೆ ಹೊರಗೆ ಊಟ ಹುಡುಕಲು ಬರುತ್ತವೆ. ನೀನು ಹಿತ್ತಲಲ್ಲಿ ನೋಡುತ್ತಿರುವುದು ಹೆಚ್ಚಾಗಿ ಅಜ್ಜಿಯರನ್ನು.

ರಾಣಿ ಯಾರಿಗೂ ಅಪ್ಪಣೆ ಕೊಡುವುದಿಲ್ಲ. ಮೊಟ್ಟೆ ಇಡುತ್ತದೆ, ಅಷ್ಟೇ. ಯಾರು ಏನು ಮಾಡಬೇಕು ಅಂತ ಇರುವೆಗಳೇ ಒಂದನ್ನೊಂದು ಮೀಸೆಯಿಂದ ಮುಟ್ಟಿ, ಮೂಸಿ ತಿಳಿದುಕೊಳ್ಳುತ್ತವೆ. ನಿಮ್ಮಮ್ಮನಿಗೆ ಹೇಳಿದ ಆ ಡಯಾಕಮ ಇದೆಯಲ್ಲ, ಅದಕ್ಕೆ ಬೇರೆ ಆಕಾರದ ರಾಣಿಯೇ ಇಲ್ಲ. ಕೆಲಸದವರಲ್ಲೇ ಒಂದು ಮೊಟ್ಟೆ ಇಡುತ್ತದೆ. ಅದರ ಗೂಡಿನ ಬಾಯಲ್ಲಿ ಹಕ್ಕಿ ಪುಕ್ಕ ಜೋಡಿಸಿರುವುದೂ ಉಂಟು. ಬೆಳಗಿನ ಇಬ್ಬನಿ ಪುಕ್ಕದ ಮೇಲೆ ಕೂರುತ್ತದೆ, ಅದನ್ನು ಕುಡಿಯುತ್ತದೆ. ದೂರದಿಂದ ನೋಡು, ಮುಟ್ಟಬೇಡ.

ಭರಣಿ ಮಳೆ ಬಿದ್ದ ಮೇಲೆ ರೆಕ್ಕೆ ಇರುವ ಇರುವೆ ಕಂಡಿತಾ? ಅವು ಹೊಸ ರಾಣಿಯರು ಮತ್ತು ಗಂಡಿರುವೆಗಳು. ಗಾಳಿಯಲ್ಲೇ ಜೊತೆಯಾಗುತ್ತವೆ. ಗಂಡು ಬೇಗ ಸಾಯುತ್ತದೆ. ರಾಣಿ ನೆಲಕ್ಕಿಳಿದು ರೆಕ್ಕೆ ಉದುರಿಸಿ ಗುಂಡಿ ತೋಡಿಕೊಂಡು ಮೊಟ್ಟೆ ಇಡುತ್ತದೆ. ಗೊದ್ದದ ರಾಣಿಯಾದರೆ ಮೊದಲ ಮರಿಗಳು ದೊಡ್ಡವಾಗುವವರೆಗೆ ಹೊರಗೆ ಬರುವುದಿಲ್ಲ, ಏನೂ ತಿನ್ನುವುದಿಲ್ಲ. ಹಾರಲು ಇದ್ದ ಮಾಂಸವನ್ನೇ ಕರಗಿಸಿ ಮರಿಗಳಿಗೆ ಉಣ್ಣಿಸುತ್ತದೆ. ಇಂಗ್ಲಿಷ್ ಪುಸ್ತಕಗಳಲ್ಲಿ ತೋಟದ ಇರುವೆ ಅಂತ ಬರುವುದು ಯುರೋಪಿನ ಲೇಸಿಯಸ್ ನೈಜರ್, ನಮ್ಮ ಹಿತ್ತಲಲ್ಲಿ ಅದು ಇಲ್ಲ. ಅದರ ಒಂದು ರಾಣಿ ಲ್ಯಾಬಿನಲ್ಲಿ 28 ವರ್ಷಕ್ಕೂ ಜಾಸ್ತಿ ಬದುಕಿತ್ತು!

ಸತ್ತ ಇರುವೆಯನ್ನು ಹೊತ್ತುಕೊಂಡು ಹೋಗಿ ಕಸದ ಗುಡ್ಡೆಗೆ ಹಾಕುತ್ತವೆ. ಸತ್ತ ಮೇಲೆ ಮೈಯಿಂದ ಒಲಿಯಿಕ್ ಆಮ್ಲದ ವಾಸನೆ ಬರುತ್ತದೆ. ವಿಲ್ಸನ್ ಅನ್ನುವ ವಿಜ್ಞಾನಿ 1950ರ ದಶಕದಲ್ಲಿ ಅದನ್ನು ಜೀವಂತ ಇರುವೆಗೇ ಸ್ವಲ್ಪ ಹಚ್ಚಿದರು. ಕಾಲಾಡಿಸುತ್ತಿದ್ದರೂ ಬಿಡದೆ ಹೊತ್ತುಕೊಂಡು ಹೋಗಿ ಕಸಕ್ಕೆ ಹಾಕಿದವು. ಮೈ ಪೂರ್ತಿ ಒರೆಸಿಕೊಂಡ ಮೇಲೇ ಅದನ್ನು ಗೂಡಿಗೆ ಸೇರಿಸಿಕೊಂಡಿದ್ದು. ಇರುವೆಗೆ ಕಣ್ಣಿಗಿಂತ ವಾಸನೆ ಮುಖ್ಯ ಅಂತ ಇದರಿಂದ ಗೊತ್ತಾಗುತ್ತೆ ಅಲ್ವಾ? ಬಹಳಷ್ಟು ಇರುವೆಗಳ ಕಣ್ಣು ಅಷ್ಟೇನೂ ಚುರುಕಲ್ಲ. ಹಾಗಾಗಿ ಅಜ್ಜಿ ಹೇಳಿದ ಹಾಗೆ ಇರುವೆ ನುಂಗಿದರೆ ಕಣ್ಣಿಗೆ ಏನೂ ಲಾಭ ಇಲ್ಲ. ಗೊತ್ತಿಲ್ಲದೆ ಒಂದು ಒಳಗೆ ಹೋದರೆ ತೊಂದರೆಯೂ ಇಲ್ಲ.

ವಾಸನೆಯ ದಾರಿಯನ್ನು ನೀನೇ ಪರೀಕ್ಷೆ ಮಾಡಬಹುದು. ಸಾಲಿನ ದಾರಿಗೆ ಅಡ್ಡಲಾಗಿ ಒಂದು ಕಾಗದ ಇಡು. ಸ್ವಲ್ಪ ಹೊತ್ತು ಗಲಿಬಿಲಿಯಾಗಿ ಆಮೇಲೆ ಅದರ ಮೇಲೇ ಸಾಲು ಹೋಗುತ್ತದೆ. ಅರ್ಧ ಗಂಟೆ ಬಿಟ್ಟು ಕಾಗದವನ್ನು ಅಡ್ಡಕ್ಕೆ ತಿರುಗಿಸು. ಏನಾಗುತ್ತದೆ ಅಂತ ಬರೆದಿಡು. ನಾನು ಹೇಳುವುದಿಲ್ಲ.

ಸತ್ತ ಜಿರಳೆಯನ್ನು ಹತ್ತಾರು ಸಣ್ಣ ಕಪ್ಪಿರುವೆ ಎಳೆದುಕೊಂಡು ಹೋಗುವುದನ್ನು ನೋಡಿರುತ್ತೀಯ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಇದೇ ಜಾತಿಯನ್ನು ನೋಡಿ 2015ರಲ್ಲಿ ಬರೆದರು: ಹಿಡಿದಿರುವವು ಬಲ ಕೊಡುತ್ತವೆ, ಆಗತಾನೆ ಬಂದು ಸೇರಿಕೊಂಡದ್ದು ದಿಕ್ಕು ತೋರಿಸುತ್ತದೆ. ಅದೂ ಕೆಲವೇ ಸೆಕೆಂಡು. ಅಷ್ಟರಲ್ಲಿ ಅದಕ್ಕೂ ದಿಕ್ಕು ತಪ್ಪುತ್ತದೆ, ಇನ್ನೊಂದು ಬಂದು ಸೇರಿಕೊಳ್ಳುತ್ತದೆ.

ಮಳೆಯ ವಿಷಯ. ಗೂಡಿನೊಳಗೆ ತೇವ ಜಾಸ್ತಿಯಾದರೆ, ಸೆಕೆಯಾದರೆ, ಯಾರಾದರೂ ತುಳಿದರೆ ಇರುವೆಗಳು ಮರಿಗಳನ್ನು ಬೇರೆ ಕಡೆ ಸಾಗಿಸುತ್ತವೆ. ನಿನ್ನೆಯ ಮಳೆಗೆ ಮಣ್ಣು ನೆನೆದಿದ್ದಕ್ಕೆ ಇವತ್ತು ಹೊರಟಿರಬಹುದು. ಮಳೆಗಾಲದಲ್ಲಿ ನಿನ್ನೆ ಬಂದ ಮಳೆ ನಾಳೆಯೂ ಬರುತ್ತದೆ. ಆಗ ಇರುವೆ ಮುಂಚೆಯೇ ಹೇಳಿತ್ತು ಅನ್ನಿಸುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕು: ಮರಿ ಸಾಗಿಸಿದವು ಮಳೆ ಬಂತು, ಸಾಗಿಸಿದವು ಮಳೆ ಬರಲಿಲ್ಲ, ಸಾಗಿಸಲಿಲ್ಲ ಆದರೂ ಬಂತು, ಸಾಗಿಸಲಿಲ್ಲ ಬರಲೂ ಇಲ್ಲ. ಶಾಲೆ ಶುರುವಾಗುವವರೆಗೆ ದಿನಾ ಒಂದು ಗೀಟು ಎಳಿ. ಮೊದಲ ಕಾಲಂ ಒಂದನ್ನೇ ನೋಡಿ ತೀರ್ಮಾನ ಮಾಡಬೇಡ.

ಬಾಟಲಿಯಲ್ಲಿ ಸಾಕುವುದು ಕಷ್ಟ. ರಾಣಿ ಇಲ್ಲದೆ ಬರೀ ಕೆಲಸದ ಇರುವೆ ಹಿಡಿದರೆ ಗೂಡು ಬೆಳೆಯುವುದಿಲ್ಲ, ಇದ್ದವು ಒಂದೊಂದಾಗಿ ಸಾಯುತ್ತವೆ. ರಾಣಿಗಾಗಿ ಗೂಡು ಅಗೆದರೆ ಎಲ್ಲ ಹಾಳು. ಒಂದು ಹೊತ್ತು ಹತ್ತಿರದಿಂದ ನೋಡಬೇಕು ಅನ್ನಿಸಿದರೆ, ನಾಲ್ಕೈದು ಗೊದ್ದವನ್ನು ಗಾಜಿನ ಸೀಸೆಗೆ ಹತ್ತಿಸಿಕೋ. ಬಾಯಿಗೆ ತೆಳು ಬಟ್ಟೆ ಕಟ್ಟು, ಒಳಗೆ ಒದ್ದೆ ಹತ್ತಿ ಇಡು, ಬಿಸಿಲಿಗೆ ಇಡಬೇಡ. ಕೆಂಪಿರುವೆ, ಕೆಂಜಿಗ ಬೇಡವೇ ಬೇಡ. ಸಂಜೆಯೊಳಗೆ ಬಿಟ್ಟುಬಿಡು. ಹಿಡಿದ ಜಾಗದಲ್ಲೇ ಬಿಡಬೇಕು, ಹಿಡಿಯುವಾಗಲೇ ಅಲ್ಲೊಂದು ಕಡ್ಡಿ ನೆಟ್ಟಿರು. ಬೇರೆ ಗೂಡಿನ ಹತ್ತಿರ ಬಿಟ್ಟರೆ, ವಾಸನೆ ನಮ್ಮದಲ್ಲ ಅಂತ ಅಲ್ಲಿಯವು ಮುತ್ತಿಕೊಂಡು ಸಾಯಿಸಿಬಿಡುತ್ತವೆ.